ಕಾವಾನಾಮಿ ಡಾಕ್ಟರ ಎಡಗೈ

ನಮ್ಮ ಆಸ್ಪತ್ರೆಯಲ್ಲಿ ಕಾವಾನಾಮಿ ಯಸುಹರು ಡಾಕ್ಟರಷ್ಟು ಮರ್ಯಾದಸ್ಥರು ಇನ್ನೊಬ್ಬರಿರಲಿಲ್ಲ. ಲಿಫ್ಟಿನ ಬಾಗಿಲು ತೆರೆದರೆ ನೆಲ ಒರೆಸುವವರಿಗೂ "ನೀವು ಮೊದಲು" ಎಂದು ದಾರಿ ಬಿಟ್ಟು, ಕೊನೆಗೆ ತಮಗೇ ಜಾಗವಿಲ್ಲದೆ ನಾಲ್ಕು ಮಹಡಿ ಮೆಟ್ಟಿಲು ಹತ್ತಿ ಬರುವ ಆಸಾಮಿ. ಇದನ್ನು ಹೊಗಳಿಕೆ ಎಂದು ತಿಳಿಯಬೇಡಿ. ಅವರ ಮರ್ಯಾದೆ ಕಂಡು ನನಗೆ ಮೈ ಉರಿದದ್ದು ಎಷ್ಟು ಸಲವೋ. ಆ ಮರ್ಯಾದೆಯಿಂದಲೇ ಅವರು ಎರಡು ಸಲ ಪರೀಕ್ಷೆಯಲ್ಲಿ ಫೇಲಾದರು.

ನಾನು ತಾಜಿಮಾ ನೊಬುಕೊ. ಅರಿಯಾಕೆ ಕಡಲ ಪಕ್ಕದ ಈ ಊರಿನ ಆಸ್ಪತ್ರೆಯಲ್ಲಿ ಮೂವತ್ತಾರು ವರ್ಷ ಆಪರೇಷನ್ ಥಿಯೇಟರಿನ ನರ್ಸಾಗಿದ್ದು ಹೋದ ವರ್ಷ ನಿವೃತ್ತಳಾದೆ. ಡಾಕ್ಟರು ಕೈ ಚಾಚಿದರೆ ಬೇಕಾದ ಉಪಕರಣವನ್ನು ಆ ಕೈಗಿಡುವುದು ನನ್ನ ಕೆಲಸ. ಥಿಯೇಟರಿನಲ್ಲಿ ಎಲ್ಲರ ಮುಖವೂ ಮಾಸ್ಕಿನ ಹಿಂದಿರುತ್ತದೆ. ಹಾಗಾಗಿ ನಾನು ಡಾಕ್ಟರುಗಳನ್ನು ಕೈಯಿಂದಲೇ ಅಳೆದವಳು. ಯಾರ ಕೈ ಹೆದರುತ್ತದೆ, ಯಾರದು ಅವಸರಪಡುತ್ತದೆ, ಯಾರದು ಸುಳ್ಳು ಹೇಳುತ್ತದೆ ಎಂದು ನನ್ನನ್ನು ಕೇಳಿ.

ಪರೀಕ್ಷೆಯೆಂದರೆ ಪೆನ್ನು ಕಾಗದದ ಪರೀಕ್ಷೆಯಲ್ಲ. ಹೊಟ್ಟೆಯನ್ನು ಅಗಲವಾಗಿ ಸೀಳದೆ, ನಾಲ್ಕೈದು ಸಣ್ಣ ತೂತುಗಳಲ್ಲಿ ಕ್ಯಾಮೆರಾವನ್ನೂ ಉದ್ದನೆಯ ಇಕ್ಕಳಗಳನ್ನೂ ಇಳಿಸಿ, ಪರದೆ ನೋಡುತ್ತಾ ಲಿವರಿನ ಕ್ಯಾನ್ಸರ್ ಗಡ್ಡೆ ತೆಗೆಯುವುದಿದೆಯಲ್ಲ, ಅದರಲ್ಲಿ ಈ ಮನುಷ್ಯನ ಕೈ ಪಳಗಿದೆ ಎಂದು ಶಸ್ತ್ರವೈದ್ಯರ ಸಂಘ ಒಪ್ಪಬೇಕು. ಅದಕ್ಕೆ ತಾನು ಮಾಡಿದ ಒಂದು ಆಪರೇಷನ್ನಿನ ವಿಡಿಯೋವನ್ನು ಮೊದಲಿಂದ ಕೊನೆಯವರೆಗೆ, ಒಂದು ಕ್ಷಣವನ್ನೂ ಕತ್ತರಿಸದೆ ಕಳಿಸಬೇಕು. ಅದರಲ್ಲಿ ಹೆಸರಿರುವುದಿಲ್ಲ, ಊರಿರುವುದಿಲ್ಲ, ಮಾತೂ ಇರುವುದಿಲ್ಲ. ಎಲ್ಲೋ ಕೂತ ಇಬ್ಬರು ಪರೀಕ್ಷಕರು ಬರೀ ಇಕ್ಕಳಗಳ ಓಡಾಟ ನೋಡಿ ಅಂಕ ಹಾಕುತ್ತಾರೆ. ಹತ್ತು ಜನ ಕಳಿಸಿದರೆ ಮೂವರು ಪಾಸಾದರೆ ಹೆಚ್ಚು.

ಎರಡನೇ ಸಲ ಫೇಲಾದ ಕಾಗದ ಬಂದದ್ದು ಒಂದು ಫೆಬ್ರವರಿಯಲ್ಲಿ. ಉಪಕರಣ ತೊಳೆಯುವ ಕೋಣೆಯಲ್ಲಿ ನಾನಿದ್ದಾಗ ಕಾವಾನಾಮಿ ಡಾಕ್ಟರು ಬಂದು ಬಾಗಿಲ ಬಳಿ ನಿಂತರು.

"ಏನಂತೆ?" ಅಂದೆ.

"ಎಡಗೈ ಸರಿಯಿಲ್ವಂತೆ," ಎಂದು ಕಾಗದವನ್ನು ನನ್ನ ಕೈಗಿತ್ತರು.

ಅದರಲ್ಲಿದ್ದದ್ದು ಎರಡೇ ಸಾಲು. ನಿರ್ಣಾಯಕ ಘಳಿಗೆಯಲ್ಲಿ ಶಸ್ತ್ರವೈದ್ಯನ ಎಡಗೈ ಹಿಂದೆ ಸರಿದಿದೆ. ರಕ್ತ ನಿಲ್ಲಿಸಿದವರು ಎದುರಿನ ಸಹಾಯಕರು.

ಸಾಲು ಎರಡಾದರೂ ಏಟು ಒಂದೇ. ಅವರಿಗಾಗ ನಲವತ್ತೈದು ವರ್ಷ. ನಮ್ಮಲ್ಲಿ ಯಾವ ಡಾಕ್ಟರು ಯಾವ ಊರಿನ ಆಸ್ಪತ್ರೆಯಲ್ಲಿರಬೇಕು ಎಂದು ತೀರ್ಮಾನಿಸುವುದು ವಿಶ್ವವಿದ್ಯಾಲಯದ ವಿಭಾಗದವರು. ಅವರು ಆಗಲೇ ಹೇಳಿಬಿಟ್ಟಿದ್ದರು: ಇನ್ನೊಂದೇ ಅವಕಾಶ. ಅದೂ ಹೋದರೆ ನಮ್ಮ ಊರಿನಲ್ಲಿ ಈ ತೂತಿನ ಲಿವರ್ ಆಪರೇಷನ್ ನಿಲ್ಲುತ್ತದೆ, ರೋಗಿಗಳು ದೊಡ್ಡ ಊರಿಗೆ ಹೋಗಬೇಕು, ಕಾವಾನಾಮಿ ಡಾಕ್ಟರು ಹೆಲ್ತ್ ಚೆಕಪ್ ಸೆಂಟರಿನಲ್ಲಿ ಕೂತು ಜನರ ಬಿ.ಪಿ. ಚೀಟಿ ನೋಡಬೇಕು. ಆ ವಯಸ್ಸಿನಲ್ಲಿ ಕೈಯಿಂದ ಚಾಕು ಕಸಿದುಕೊಂಡರೆ ಅದು ಮತ್ತೆ ಕೈಗೆ ಬರುವುದಿಲ್ಲ.

ಅವತ್ತು ಸಂಜೆ ಇಬ್ಬರೂ ಕೂತು ಆ ವಿಡಿಯೋ ಇನ್ನೊಮ್ಮೆ ನೋಡಿದೆವು. ಒಂದು ಗಂಟೆ ಇಪ್ಪತ್ತು ನಿಮಿಷದ ಹತ್ತಿರ ಲಿವರಿನೊಳಗಿನ ಒಂದು ಸಣ್ಣ ನಾಳ ಹರಿದು ರಕ್ತ ಉಕ್ಕುತ್ತದೆ. ಡಾಕ್ಟರ ಎಡಗೈ ಇಕ್ಕಳ ಅದರ ಮೇಲೆಯೇ ಇದೆ. ಅಷ್ಟರಲ್ಲಿ ಪರದೆಯ ಬಲಗಡೆಯಿಂದ ಇನ್ನೊಂದು ಇಕ್ಕಳ ನುಗ್ಗಿ ಬರುತ್ತದೆ. ಅದನ್ನು ಕಂಡದ್ದೇ ತಡ, ಎಡಗೈ ಇಕ್ಕಳ ಲಿಫ್ಟಿನ ಬಾಗಿಲಲ್ಲಿ ಅವರು ಸರಿದು ನಿಲ್ಲುತ್ತಾರಲ್ಲ, ಹಾಗೇ ಪಕ್ಕಕ್ಕೆ ಸರಿದುಬಿಡುತ್ತದೆ. ಬಂದವರು ಒತ್ತಿ ಹಿಡಿದು, ಕ್ಲಿಪ್ ಹಾಕಿ, ನಲವತ್ತು ಸೆಕೆಂಡಿನಲ್ಲಿ ರಕ್ತ ನಿಲ್ಲಿಸಿ ಹೋಗುತ್ತಾರೆ. ಹೊಟ್ಟೆಯ ಒಳಗೂ ಮರ್ಯಾದೆ.

ಆ ಇನ್ನೊಂದು ಇಕ್ಕಳ ಫುಕಾಹೊರಿ ಗುರುಗಳದು.

ಫುಕಾಹೊರಿ ಗುರುಗಳಿಗೆ ಎಪ್ಪತ್ತೊಂದು ವರ್ಷ. ನಮ್ಮ ಆಸ್ಪತ್ರೆಯ ಸರ್ಜರಿಯ ಮುಖ್ಯಸ್ಥರಾಗಿದ್ದು ನಿವೃತ್ತರಾದ ಮೇಲೂ ಮಂಗಳವಾರ ಮಂಗಳವಾರ ಬಂದು ಶಿಷ್ಯನ ಎದುರು ಸಹಾಯಕರಾಗಿ ನಿಲ್ಲುತ್ತಿದ್ದರು. ಹೊಟ್ಟೆ ಅಗಲ ಸೀಳಿ ಲಿವರ್ ಮುಟ್ಟುತ್ತಿದ್ದ ಕಾಲದಲ್ಲಿ ಅವರಂಥ ಕೈ ಈ ಸೀಮೆಯಲ್ಲಿರಲಿಲ್ಲ. ಆದರೆ ರಕ್ತ ಕಂಡರೆ ಆ ಕೈ ಯಾರನ್ನೂ ಕೇಳುವುದಿಲ್ಲ, ಅವರ ತಲೆಯನ್ನೂ ಕೇಳುವುದಿಲ್ಲ. ಮೊದಲೊಂದು ಸಲ ಗಂಟಲು ಸರಿಮಾಡಿಕೊಳ್ಳುತ್ತಾರೆ, ಮರುಕ್ಷಣ ಕೈ ಒಳಗಿರುತ್ತದೆ. ಶಿಷ್ಯ ಎರಡು ಸಲ ಫೇಲಾಗಿದ್ದು ತಮ್ಮಿಂದ ಎಂದು ಅವರಿಗೆ ಗೊತ್ತೇ ಇರಲಿಲ್ಲ. ಪ್ರತಿ ಸಲವೂ "ಆ ಪರೀಕ್ಷಕರಿಗೆ ಕಣ್ಣು ಕಾಣ್ಸಲ್ಲ ಬಿಡು" ಎಂದು ಸಮಾಧಾನ ಹೇಳಿ, ಕರೆದುಕೊಂಡು ಹೋಗಿ ಸುಟ್ಟ ಹಾವುಮೀನಿನ ಊಟ ಹಾಕಿಸಿ ಕಳಿಸುತ್ತಿದ್ದರು. ಥಿಯೇಟರಿನಲ್ಲಿ ಎಲ್ಲರಿಗೂ ವಿಷಯ ಗೊತ್ತಿತ್ತು. ಎಲ್ಲರ ಬಾಯಿಗೂ ಬೀಗ.

"ಡಾಕ್ಟ್ರೇ, ಇದು ಎಡಗೈ ತಪ್ಪಲ್ಲ. ಗುರುಗಳು ಅಡ್ಡ ಕೈ ಹಾಕಿದ್ದು ತಪ್ಪು," ಅಂದೆ.

"ಹಾಗನ್ಬೇಡಿ ಸಿಸ್ಟರ್. ಅವ್ರು ಸಹಾಯ ಮಾಡಿದ್ರು."

"ಸಹಾಯ ಮಾಡಿ ಮಾಡೀನೇ ನಿಮ್ಮನ್ನ ಚೆಕಪ್ ಸೆಂಟರಿಗೆ ಕಳಿಸ್ತಾರೆ. ಹೋಗಿ ಹೇಳಿ."

"ಏನಂತ ಹೇಳ್ಲಿ? ಕೈ ಹಾಕ್ಬೇಡಿ ಅಂತಲಾ? ನಂಗೆ ದಾರದ ಗಂಟು ಹಾಕೋದು ಕಲಿಸಿದ ಕೈ ಅದು."

"ಹಾಗಾದ್ರೆ ಮುಂದಿನ ಸಲ ಎದುರಿಗೆ ಬೇರೆ ಯಾರನ್ನಾದ್ರೂ ನಿಲ್ಲಿಸ್ಕೊಳ್ಳಿ."

"ಅದೂ ಹೇಳಿದ ಹಾಗೇ ಆಯ್ತಲ್ಲ ಸಿಸ್ಟರ್. ನೀವೂ ಹೇಳ್ಬಾರ್ದು. ಆಣೆ."

ನಾನು ಆಣೆ ಮಾಡಲಿಲ್ಲ. ಆದರೆ ಹೇಳಲೂ ಇಲ್ಲ. ನಾನೂ ಇದೇ ಊರಿನ ಮರ್ಯಾದೆಯಲ್ಲಿ ಬೆಳೆದವಳು ತಾನೆ.

ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಸೂಜಿಗಳ ತಟ್ಟೆ ಮೇಜಿನ ಅಂಚಿನಿಂದ ಜಾರಿತು. ಕಾವಾನಾಮಿ ಡಾಕ್ಟರು ಬೇರೆ ಕಡೆ ನೋಡುತ್ತಾ ಯಾರ ಜೊತೆಗೋ ಮಾತಾಡುತ್ತಿದ್ದರು. ತಟ್ಟೆ ನೆಲ ಮುಟ್ಟುವ ಮೊದಲೇ ಅವರ ಕೈಯಲ್ಲಿತ್ತು. ಒಂದು ಸೂಜಿಯೂ ಬೀಳಲಿಲ್ಲ. ಹಿಡಿದದ್ದು ಎಡಗೈ. ಮೂವತ್ತೈದು ವರ್ಷ ಕೈಗಳನ್ನು ನೋಡಿದವಳಿಗೆ ಅಷ್ಟು ಸಾಕು.

"ಡಾಕ್ಟ್ರೇ, ನೀವು ಎಡಚರಾ?"

ಅವರ ಕಿವಿ ಕೆಂಪಾಯಿತು. "ಆಗಿದ್ದೆ. ವಾಸಿಯಾಯ್ತು," ಅಂದರು.

ಆಮೇಲೆ ಸ್ವಲ್ಪ ಸ್ವಲ್ಪವಾಗಿ ಬಾಯಿ ಬಿಡಿಸಿದೆ. ಅವರ ತಾಯಿಯೂ ಅಜ್ಜಿಯೂ ಅರಿತಾ ಎಂಬ ಊರಿನಲ್ಲಿ ಪಿಂಗಾಣಿ ಬಟ್ಟಲುಗಳ ಮೇಲೆ ನೀಲಿ ಗೆರೆ ಬರೆಯುವವರು. ಕಾರ್ಖಾನೆಯಲ್ಲಿ ಸಾಲಾಗಿ ಕೂತು ಎಲ್ಲರೂ ಬಲಗೈಯಲ್ಲಿ ಕುಂಚ ಹಿಡಿಯುತ್ತಾರೆ. ನಡುವೆ ಒಬ್ಬ ಎಡಚನಿದ್ದರೆ ಮೊಣಕೈ ತಗುಲಿ ಪಕ್ಕದವಳ ಬಟ್ಟಲು ಕೆಟ್ಟಿತೆಂದೇ ಲೆಕ್ಕ. ಆ ಮನೆಯಲ್ಲಿ ಎಡಚ ಹುಟ್ಟಿದ್ದು ಅಜ್ಜಿಗೆ ನುಂಗಲಾರದ ತುತ್ತಾಯಿತು. ಹುಡುಗನಿಗೆ ಐದು ವರ್ಷವಾದಾಗ ಬಟ್ಟೆಯ ಸಣ್ಣ ಚೀಲ ಹೊಲಿದು ಅವನ ಎಡಗೈಗೆ ಕಟ್ಟಿಬಿಟ್ಟಳು. ಶಾಲೆಗೆ ಸೇರುವವರೆಗೂ ಊಟದ ಹೊತ್ತಿನಲ್ಲಿ ಆ ಚೀಲ ಬಿಚ್ಚುತ್ತಿರಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಸರಿ. ಇಪ್ಪತ್ತಾರನೇ ವಯಸ್ಸಿನಲ್ಲಿ ಫುಕಾಹೊರಿ ಗುರುಗಳ ಕೈಕೆಳಗೆ ಸರ್ಜರಿ ಕಲಿಯಲು ಬಂದರು. ಗಾಬರಿಯಾದಾಗಲೆಲ್ಲ ಆ ಹಳೆಯ ಎಡಗೈ ತಾನಾಗಿ ಮುಂದೆ ಬರುತ್ತಿತ್ತು. ಬಂದರೆ ಗುರುಗಳು ಇಕ್ಕಳದ ಹಿಡಿಯಿಂದ ಗೆಣ್ಣಿನ ಮೇಲೆ ಬಾರಿಸುತ್ತಿದ್ದರು. "ಉಪಕರಣ ಬಲಗೈಗೆ ಮಾಡಿರೋದು. ನರ್ಸ್ ಬಲಗೈಗೆ ಕೊಡೋದು. ನಿನ್ನೊಬ್ಬನಿಗೋಸ್ಕರ ಥಿಯೇಟರನ್ನೇ ತಿರುಗಿಸಿ ಕಟ್ಟೋಕಾಗುತ್ತಾ?" ಎನ್ನುತ್ತಿದ್ದರಂತೆ. ಎರಡು ವರ್ಷದಲ್ಲಿ ವಾಸಿಯಾಯಿತು. ಆ ಕಾಲದಲ್ಲಿ ಪಕ್ಕದ ಮೇಜಿನ ಬಳಿ ನಾನೂ ಇದ್ದೆ, ಆ ಟಪ್ ಟಪ್ ಸದ್ದು ನನ್ನ ಕಿವಿಗೂ ಬಿದ್ದಿರಬೇಕು. ಹೊಸಬರಿಗೆ ಏಟು ಬೀಳುವುದು ಆಗ ದಿನದ ಮಾತು, ನಾನು ತಲೆಯೆತ್ತಿಯೂ ನೋಡಿರಲಿಲ್ಲ.

ಈಗ ಅರ್ಥವಾಯಿತು. ಆ ಎಡಗೈ ಹಿಂದೆ ಸರಿದದ್ದು ಬರೀ ಮರ್ಯಾದೆಗಲ್ಲ. ಗುರುಗಳ ಇಕ್ಕಳ ಕಂಡರೆ ಅದಕ್ಕೆ ಏಟಿನ ನೆನಪು. ಅಷ್ಟು ದಿನ ಅವರನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು, ಅಳುವೂ ಬಂತು. ನಲವತ್ತೈದು ವರ್ಷದ ಗಂಡಸಿನ ಎದುರು ನರ್ಸೊಬ್ಬಳು ಅತ್ತರೆ ಚೆನ್ನಾಗಿರುವುದಿಲ್ಲವೆಂದು ಪಾತ್ರೆ ತೊಳೆಯುವ ನಲ್ಲಿ ತಿರುಗಿಸಿ ನಿಂತೆ.

ಆಮೇಲೆ ಹಟ ಹಿಡಿದವಳು ನಾನು. ಅವರ ಹತ್ತಿರ ಅಭ್ಯಾಸದ ಒಂದು ರಟ್ಟಿನ ಪೆಟ್ಟಿಗೆಯಿತ್ತು. ಮೇಲೆ ಮೂರು ತೂತು, ಒಳಗೊಂದು ಅಗ್ಗದ ಕ್ಯಾಮೆರಾ, ಪಕ್ಕದಲ್ಲಿ ಪರದೆ. ಲಿವರಿನ ಬದಲು ಕೊನ್ಯಾಕು. ಅಡುಗೆಮನೆಯ ಈ ಗೆಡ್ಡೆಯ ಹಲ್ವಾ ಲಿವರಿನಂತೆಯೇ ಜಾರುತ್ತದೆ, ಜೋರಾಗಿ ಎಳೆದರೆ ಹರಿಯುತ್ತದೆ, ಸಡಿಲ ಬಿಟ್ಟರೆ ಕತ್ತರಿಸಲು ಬರುವುದಿಲ್ಲ. ಎಡಗೈ ಹದವಾಗಿ ಎಳೆದು ಹಿಡಿದರೆ ಮಾತ್ರ ಬಲಗೈಗೆ ದಾರಿ ಕಾಣುತ್ತದೆ. ನಿಜವಾದ ಹೊಟ್ಟೆಯಲ್ಲೂ ಅಷ್ಟೇ. ಅವರ ಎಡಗೈ ಹಿಡಿಯುತ್ತಿತ್ತು, ಆದರೆ ಬಾಡಿಗೆ ಮನೆಯಲ್ಲಿದ್ದವರ ಹಾಗೆ, ಯಾವಾಗ ಎದ್ದು ಹೋಗು ಎನ್ನುತ್ತಾರೋ ಎಂದು ಕಾಯುತ್ತಾ.

ಡ್ಯೂಟಿ ಮುಗಿದ ಮೇಲೆ ಅರ್ಧ ಗಂಟೆ ನಾನು ಫುಕಾಹೊರಿ ಗುರುಗಳಾಗುತ್ತಿದ್ದೆ. ಮೂರನೇ ತೂತಿನಲ್ಲಿ ಒಂದು ಇಕ್ಕಳ ತೂರಿಸಿ, ಅವರ ಹಾಗೆಯೇ ಗಂಟಲು ಸರಿಮಾಡಿಕೊಂಡು, ಎಡಗೈ ಇಕ್ಕಳವನ್ನು ತಳ್ಳುತ್ತಿದ್ದೆ. ಮೊದಮೊದಲು ತಳ್ಳುವುದೇ ಬೇಕಿರಲಿಲ್ಲ. ಕೆಮ್ಮಿದರೆ ಸಾಕು, ಎಡಗೈ ಮಾಯ.

"ಎಲ್ಲಿ ಹೋಯ್ತು?"

"ಗೊತ್ತಾಗ್ಲೇ ಇಲ್ಲ ಸಿಸ್ಟರ್. ತಾನೇ ಹೋಗ್ಬಿಡುತ್ತೆ."

"ಹುಡುಕಿ ಕರ್ಕೊಂಡು ಬನ್ನಿ. ಮೊದಲಿಂದ."

ಹೀಗೆ ಎಷ್ಟು ಕೊನ್ಯಾಕು ಹಾಳಾಯಿತೋ. ಕ್ಯಾಂಟೀನಿನಲ್ಲೂ ಎಡಗೈಯಲ್ಲೇ ಉಣ್ಣಬೇಕೆಂದೆ. ಉಣ್ಣುತ್ತಿದ್ದರು. ಬೇಯಿಸಿದ ಕಾಳು ಊಟದ ಕಡ್ಡಿಗಳ ನಡುವಿನಿಂದ ಜಾರಿ ಮೇಜಿನ ಮೇಲೆ ಉರುಳುತ್ತಿತ್ತು. ಅರಿವಳಿಕೆ ಕೊಡುವ ಡಾಕ್ಟರು ಒಂದು ದಿನ, "ಏನ್ರೀ, ಇವರ ಬಲಗೈ ಮುರೀತಾ?" ಎಂದು ನನ್ನನ್ನು ಕೇಳಿದರು.

"ಇಲ್ಲ, ಎಡಗೈ ಹುಟ್ಟಿತು. ಇನ್ನೂ ಮೂರು ತಿಂಗಳ ಕೂಸು," ಅಂದೆ.

ಮಂಗಳವಾರ ಮಾತ್ರ ಅವರು ಬಲಗೈಯಲ್ಲೇ ಉಣ್ಣುತ್ತಿದ್ದರು. ಗುರುಗಳು ಎದುರಿಗಿರುತ್ತಿದ್ದರಲ್ಲ. ನಾನು ಪಕ್ಕದ ಮೇಜಿನಿಂದ ಕಣ್ಣು ಬಿಟ್ಟರೂ ತಲೆ ತಗ್ಗಿಸಿ ಸೂಪು ಕುಡಿಯುತ್ತಿದ್ದರು. ಆಗಸ್ಟಿನ ಹೊತ್ತಿಗೆ ನಾನು ಕೆಮ್ಮಿದರೂ, ತಳ್ಳಿದರೂ, ಬೈದರೂ ಎಡಗೈ ಕದಲದ ಹಾಗಾಯಿತು. ಆದರೆ ಎಷ್ಟು ಕೆಮ್ಮಿದರೂ ನಾನು ಫುಕಾಹೊರಿ ಗುರು ಆಗುತ್ತೇನೆಯೇ?

ಸೆಪ್ಟೆಂಬರ್ ಮೊದಲಲ್ಲಿ ಮಿನೆ ಫುಜಿಯೆ ಎಂಬ ಹೆಂಗಸು ಬಂದರು. ಅರವತ್ತಾರು ವರ್ಷ, ವಿಧವೆ, ಕಡಲಲ್ಲಿ ನೋರಿ ಸೊಪ್ಪು ಬೆಳೆಯುವವರು. ನಮ್ಮ ಕಡೆ ಹಳೆಯ ಕಾಮಾಲೆ ಸೋಂಕಿನಿಂದ ಲಿವರ್ ಕೆಟ್ಟವರು ಬಹಳ, ಇವರೂ ಅವರಲ್ಲೊಬ್ಬರು. ಲಿವರಿನ ಕೆಳ ಅಂಚಿನಲ್ಲಿ ಎರಡೂವರೆ ಸೆಂಟಿಮೀಟರಿನ ಗಡ್ಡೆ.

"ಅಕ್ಟೋಬರ್ ಕೊನೇಲಿ ಬಲೆಗೆ ನೋರಿ ಬೀಜ ಹಿಡಿಸ್ಬೇಕು. ಅಷ್ಟರೊಳಗೆ ದೋಣಿ ಹತ್ತೋ ಹಾಗೆ ಮಾಡ್ಕೊಡಿ ಡಾಕ್ಟ್ರೇ," ಅಂದರು.

ಕಾವಾನಾಮಿ ಡಾಕ್ಟರು ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಈ ಆಪರೇಷನ್ನಿನ ವಿಡಿಯೋ ತನ್ನ ಪರೀಕ್ಷೆಗೆ ಹೋಗುತ್ತದೆ, ತಾನು ಎರಡು ಸಲ ಫೇಲಾದವನು, ತೂತಿನಿಂದ ಆಗುವುದಿಲ್ಲ ಎನಿಸಿದ ಕ್ಷಣ ಪರೀಕ್ಷೆಯನ್ನು ಮರೆತು ಹೊಟ್ಟೆ ತೆರೆಯುತ್ತೇನೆ, ಒಪ್ಪಿಗೆಯಿಲ್ಲದಿದ್ದರೆ ವಿಡಿಯೋ ಕಳಿಸುವುದಿಲ್ಲ.

"ಒಳಗಿನದನ್ನ ಯಾರು ಬೇಕಾದ್ರೂ ನೋಡ್ಕೊಳ್ಳಲಿ. ಹೊರಗಿನದನ್ನ ನೋಡೋರು ಯಾರೂ ಇಲ್ಲ ಈಗ," ಅಂದರು ಮಿನೆ ಅಮ್ಮ. ಡಾಕ್ಟರ ಕಿವಿ ಮತ್ತೆ ಕೆಂಪಾಯಿತು.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಶುರು. ಎದುರಿಗೆ ಫುಕಾಹೊರಿ ಗುರುಗಳು. ಲಿವರಿಗೆ ರಕ್ತ ತರುವ ನಾಳಗಳನ್ನು ಪಟ್ಟಿಯಿಂದ ಬಿಗಿದು ಹದಿನೈದು ನಿಮಿಷ ಕೆಲಸ, ಬಿಗಿತ ಸಡಿಲಿಸಿ ಐದು ನಿಮಿಷ ಬಿಡುವು, ಮತ್ತೆ ಹದಿನೈದು. ಮೊದಲ ಎರಡು ಸುತ್ತು ಎಷ್ಟು ಚೆನ್ನಾಗಿ ಹೋಯಿತೆಂದರೆ ನಾನು ಗಡಿಯಾರ ಕೂಗುವುದನ್ನೇ ಮರೆಯುವುದರಲ್ಲಿದ್ದೆ. ಎಡಗೈ ಲಿವರನ್ನು ಹದವಾಗಿ ಎಳೆದು ಹಿಡಿದಿತ್ತು, ಬಲಗೈ ಸಲೀಸಾಗಿ ಇಳಿಯುತ್ತಿತ್ತು. ಗುರುಗಳು ಒಂದು ಸಲ "ಹೂಂ" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಮೂರನೇ ಸುತ್ತಿನಲ್ಲಿ ಆಳದಲ್ಲಿದ್ದ ನಾಳವೊಂದರ ಕವಲು ಹರಿಯಿತು. ಅದು ಲಿವರಿನಿಂದ ರಕ್ತ ಹೊರಗೊಯ್ಯುವ ನಾಳ, ಪಟ್ಟಿ ಬಿಗಿದರೂ ಅದು ನಿಲ್ಲುವುದಿಲ್ಲ. ಕಪ್ಪು ಕೆಂಪಿನ ರಕ್ತ ಉಕ್ಕಿ ಪರದೆಯ ಕೆಳಭಾಗ ಮುಚ್ಚಿತು. ಕಾವಾನಾಮಿ ಡಾಕ್ಟರ ಎಡಗೈ ಇಕ್ಕಳ ಬಟ್ಟೆಯ ತುಂಡನ್ನು ಅದರ ಮೇಲೊತ್ತಿತು. ಗುರುಗಳು ಗಂಟಲು ಸರಿಮಾಡಿಕೊಂಡರು.

ಬಲಗಡೆಯಿಂದ ಅವರ ಇಕ್ಕಳ ಬಂದೇ ಬಂತು. ಇನ್ನೊಂದು ಕೈ ನನ್ನ ಕಡೆ ಚಾಚಿತು. "ಕ್ಲಿಪ್."

ಕ್ಲಿಪ್ ಹಾಕುವ ಉಪಕರಣ ಆಗಲೇ ನನ್ನ ಕೈಯಲ್ಲಿತ್ತು. ಮೂವತ್ತು ವರ್ಷ ಆ ಕೈ ಕೇಳಿದ್ದನ್ನು ಕೇಳಿದ ಕ್ಷಣವೇ ಕೊಟ್ಟವಳು ನಾನು. ನನ್ನ ತೋಳು ಅರ್ಧ ದಾರಿ ಹೋಗಿಯೂ ಆಗಿತ್ತು. ಅಲ್ಲೇ ನಿಲ್ಲಿಸಿದೆ. ಗುರುಗಳ ಮುಖ ನೋಡಲಿಲ್ಲ, ನೋಡಿದ್ದರೆ ಕೊಟ್ಟುಬಿಡುತ್ತಿದ್ದೆ. ಪರದೆಯನ್ನು ನೋಡಿದೆ. ಎಡಗೈ ಇಕ್ಕಳ ನಡುಗಿತು. ಒಂದು ಎಳೆಯಷ್ಟು ಹಿಂದೆ ಸರಿಯಿತು. ರಕ್ತ ಮತ್ತೆ ಉಕ್ಕಿತು. ಅಯ್ಯೋ ಹೋಯಿತು ಅಂದುಕೊಂಡೆ. ಅಷ್ಟರಲ್ಲಿ ಅದು ತಾನಾಗಿ ಮುಂದೆ ಬಂದು, ಗುರುಗಳ ಇಕ್ಕಳಕ್ಕೆ ತಗುಲಿಕೊಂಡೇ, ಮತ್ತೆ ನಾಳದ ಮೇಲೆ ಒತ್ತಿ ನಿಂತಿತು.

"ಸಿಸ್ಟರ್, ಕ್ಲಿಪ್ ನಂಗೆ ಕೊಡಿ," ಅಂದರು ಕಾವಾನಾಮಿ ಡಾಕ್ಟರು. ಕಣ್ಣು ಪರದೆಯ ಮೇಲೆ, ದನಿ ತೀರಾ ಸಣ್ಣದು. "ಗುರುಗಳೇ, ಲಿವರಿನ ಅಂಚು ಎತ್ತಿ ಹಿಡಿಯಿರಿ. ಹಾಗೇ ಇರ್ಲಿ, ಅಲ್ಲಾಡಿಸ್ಬೇಡಿ."

ನಾನು ಅವರಿಗೆ ಕೊಟ್ಟೆ. ಗುರುಗಳ ಕೈ ಗಾಳಿಯಲ್ಲಿ ಖಾಲಿಯಾಗಿ ನಿಂತಿತ್ತು. ಯಂತ್ರದ ಟಿಕ್ ಟಿಕ್ ಮಾತ್ರ ಕೇಳುತ್ತಿತ್ತು. ಆಮೇಲೆ ಆ ಕೈ ನಿಧಾನ ಕೆಳಗಿಳಿಯಿತು. ಪರದೆಯಲ್ಲಿ ಅವರ ಇಕ್ಕಳ ನಾಳವನ್ನು ಬಿಟ್ಟು, ಲಿವರಿನ ಅಂಚಿಗೆ ಹೋಗಿ, ಅದನ್ನು ಎತ್ತಿ ಹಿಡಿಯಿತು.

ಎಡಗೈ ಒತ್ತಿಹಿಡಿದಿತ್ತು, ಬಲಗೈ ಒಂದು ಕ್ಲಿಪ್ ಹಾಕಿತು, ಆಮೇಲೆ ಒಂದು ಹೊಲಿಗೆ, ಗಂಟು. ಎಂಟು ನಿಮಿಷ ಹಿಡಿಯಿತು. ಗುರುಗಳಾಗಿದ್ದರೆ ಒಂದು ನಿಮಿಷದ ಕೆಲಸ, ಅದನ್ನೂ ಹೇಳಬೇಕು. ಆದರೆ ರಕ್ತ ನಿಂತಿತು. ಹನ್ನೆರಡೂವರೆಗೆ ಗಡ್ಡೆ ಹೊರಗಿತ್ತು.

ಗುರುಗಳು ಗೌನು ಕಳಚಿ, ಕೈ ತೊಳೆದು, ಮಾಮೂಲಿನ ಟೀಗೂ ಕಾಯದೆ ಹೊರಟುಹೋದರು. ಮುಂದಿನ ಮಂಗಳವಾರ ಬರಲಿಲ್ಲ. ಅದರ ಮುಂದಿನ ವಾರ ಆಫೀಸಿನವರು ಹೇಳಿದರು, ಮಂಡಿನೋವಂತೆ, ಇನ್ನು ಬರುವುದಿಲ್ಲವಂತೆ.

ಮಿನೆ ಅಮ್ಮ ಎಂಟೇ ದಿನಕ್ಕೆ ಮನೆಗೆ ಹೋದರು. ಡಾಕ್ಟರಿಗೆ ಆ ಖುಷಿಯೂ ಹತ್ತಲಿಲ್ಲ. ಅಪ್ಪನನ್ನು ಮನೆಯಿಂದ ಹೊರಗೆ ಹಾಕಿದವರ ಹಾಗೆ ಮುಖ ಮಾಡಿಕೊಂಡು ಓಡಾಡಿದರು. ವಿಡಿಯೋ ಮೇಜಿನ ಖಾನೆಯಲ್ಲೇ ಬಿದ್ದಿತ್ತು. ಕಳಿಸಲು ಕೊನೆಯ ದಿನ ಹತ್ತಿರ ಬಂದರೂ ಅಲುಗಾಡಲಿಲ್ಲ.

"ಯಾಕೆ ಕಳಿಸಿಲ್ಲ?" ಅಂದೆ.

"ಆಗಲ್ಲ ಸಿಸ್ಟರ್. ಅದ್ರಲ್ಲಿ ನಾನು ಗುರುಗಳಿಗೆ ಅಪ್ಪಣೆ ಮಾಡಿದೀನಿ."

"ಅದ್ರಲ್ಲಿ ಮಾತೇ ಇಲ್ಲ."

"ಕೈ ಇದೆಯಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ನೋಡಿ ಡಾಕ್ಟ್ರೇ, ಮಿನೆ ಅಮ್ಮ ಹೊಟ್ಟೆ ಕೊಟ್ಟಿದ್ದು ನಿಮ್ಮ ಮರ್ಯಾದೆ ಬಚ್ಚಿಡೋಕಲ್ಲ. ನೀವು ಬಿ.ಪಿ. ಚೀಟಿ ನೋಡ್ತಾ ಕೂತ್ರೆ, ಮುಂದೆ ಬರೋ ಮಿನೆ ಅಮ್ಮ ಎಲ್ಲಿಗೆ ಹೋಗ್ಬೇಕು? ಗುರುಗಳಂತೂ ಹೋದ್ರು. ಇದನ್ನೂ ಕಳ್ಕೊಂಡ್ರೆ ಅವ್ರು ವಾಪಸ್ ಬರ್ತಾರಾ?" ಅಂದೆ. ಕೊನೆಯ ದಿನ ಪೋಸ್ಟಾಫೀಸಿಗೆ ಅವರ ಹಿಂದೆಯೇ ಹೋಗಿ, ರಸೀದಿ ಕೈಗೆ ಬರುವವರೆಗೂ ಪಕ್ಕದಲ್ಲಿ ನಿಂತಿದ್ದೆ.

ಫೆಬ್ರವರಿಯಲ್ಲಿ ಕಾಗದ ಬಂತು. ಈ ಸಲ ಒಂದೇ ಸಾಲು. ಪಾಸು.

ಥಿಯೇಟರಿನವರೆಲ್ಲ ಚಪ್ಪಾಳೆ ತಟ್ಟಿದರು. ಅವರು ಎಲ್ಲರಿಗೂ ತಲೆಬಾಗಿ ವಂದಿಸಿದರು, ಆಮೇಲೆ ಉಪಕರಣ ತೊಳೆಯುವ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತುಬಿಟ್ಟರು. "ಗುರುಗಳಿಗೆ ಹೇಳ್ಬೇಕಲ್ಲ," ಅಂದರು. ಐದು ತಿಂಗಳಿಂದ ಭೇಟಿಯಿಲ್ಲ. ಹೊಸ ವರ್ಷದ ಕಾರ್ಡಿನಲ್ಲೂ ಅಚ್ಚಾದ ನಾಲ್ಕು ಮಾತಿನ ಕೆಳಗೆ ಗುರುಗಳು ಕೈಬರಹದಲ್ಲಿ ಏನನ್ನೂ ಬರೆದಿರಲಿಲ್ಲ.

ಭಾನುವಾರ ನಾನೇ ಅವರನ್ನು ಗುರುಗಳ ಮನೆಗೆ ಎಳೆದುಕೊಂಡು ಹೋದೆ. ನಮ್ಮ ಸೀಮೆಯ ಮಾರುಬೋರೊ ಬಿಸ್ಕತ್ತು ಒಂದು ಡಬ್ಬ ತೆಗೆದುಕೊಂಡೆವು. ಗುರುಗಳು ಕಾಲಿಗೆ ಕಾವು ಕೊಡುವ ತಗ್ಗು ಮೇಜಿನ ಹಿಂದೆ, ಮಂಡಿಯ ಮೇಲೆ ಕಂಬಳಿ ಎಳೆದುಕೊಂಡು ಕೂತಿದ್ದರು. ಸೊರಗಿದ್ದರು. ಅವರ ಹೆಂಡತಿ ಟೀ ಇಟ್ಟು ಒಳಗೆ ಹೋದರು. ಕಾವಾನಾಮಿ ಡಾಕ್ಟರು ಎರಡೂ ಕೈಯಲ್ಲಿ ಕಾಗದ ಹಿಡಿದು ಮುಂದಿಟ್ಟರು.

ಗುರುಗಳು ಕನ್ನಡಕ ಹಾಕಿ ಓದಿದರು. "ಪಾಸಾದೆ."

"ಹೌದು."

"ಮೊದಲೆರಡು ಸಲ ಯಾಕೆ ಫೇಲಾಗಿದ್ದೆ?"

"ನನ್ನ ಎಡಗೈ ಸರಿಯಿರ್ಲಿಲ್ಲ, ಗುರುಗಳೇ."

ನನಗೆ ತಡೆಯಲಾಗಲಿಲ್ಲ. ಬಾಯಿ ತೆರೆದೆ. ಗುರುಗಳು ಕೈಯೆತ್ತಿ ನನ್ನನ್ನು ನಿಲ್ಲಿಸಿದರು.

"ಇವನಿಗೆ ಎಲ್ಲಾ ಕಲಿಸಿದೆ, ಸುಳ್ಳು ಹೇಳೋದನ್ನ ಕಲಿಸ್ಲಿಲ್ಲ. ಅದಕ್ಕೇ ಬರಲ್ಲ," ಅಂದರು ನನಗೆ. ಆಮೇಲೆ ಶಿಷ್ಯನ ಕಡೆ ತಿರುಗಿದರು. "ಅವತ್ತು ಈ ಸಿಸ್ಟರ್ ನನ್ನ ಕೈಗೆ ಕ್ಲಿಪ್ ಕೊಡ್ಲಿಲ್ಲ. ಮೂವತ್ತು ವರ್ಷ ಕೇಳಿದ್ದು ಕೊಟ್ಟೋಳು ಯಾಕೆ ಕೊಡ್ಲಿಲ್ಲ ಅಂತ ದಾರಿಯುದ್ದಕ್ಕೂ ಯೋಚಿಸ್ದೆ. ಮನೆಗೆ ಬರೋಷ್ಟರಲ್ಲಿ ಎಲ್ಲಾ ಹೊಳೀತು. ಎರಡು ವರ್ಷ ನಿನ್ನ ಫೇಲ್ ಮಾಡಿಸ್ದೋನು ನಾನು. ಮಾಡಿಸಿ, ಪರೀಕ್ಷಕರನ್ನ ಬೈದು, ಮೇಲೆ ನಿಂಗೆ ಹಾವುಮೀನು ಬೇರೆ ತಿನ್ನಿಸಿದೀನಿ."

"ಗುರುಗಳೇ, ಹಾಗಲ್ಲ."

"ಹಾಗೇ. ಸಿಟ್ಟು ಬಂದು ಬರ್ಲಿಲ್ಲ ಅಂದ್ಕೊಂಡ್ಯಾ? ಯಾವ ಮುಖ ಇಟ್ಕೊಂಡು ಬರ್ಲಿ? ಮಂಡಿಗೆ ಏನೂ ಆಗಿಲ್ಲ."

ಐದು ತಿಂಗಳು ಇಬ್ಬರೂ ಒಬ್ಬರಿಗೊಬ್ಬರು ಹೆದರಿ ಬಚ್ಚಿಟ್ಟುಕೊಂಡಿದ್ದರು. ಇಬ್ಬರನ್ನೂ ಕೂರಿಸಿ ಬೈಯಬೇಕೆನಿಸಿತು ನನಗೆ. ಬದಲಿಗೆ ಬಿಸ್ಕತ್ತಿನ ಡಬ್ಬ ತೆರೆದು ಇಬ್ಬರ ನಡುವೆ ಇಟ್ಟೆ.

"ವಿಡಿಯೋ ತಂದಿದೀಯಾ?" ಎಂದು ಕೇಳಿದರು ಗುರುಗಳು.

ಡಾಕ್ಟರು ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ವಿಡಿಯೋ ಹಾಕಿದರು. ಗುರುಗಳು ಏನನ್ನೂ ಬಿಡದೆ ಮೊದಲಿಂದ ನೋಡಿದರು. ಟೀ ಆರಿತು, ಹೆಂಡತಿ ಬಂದು ಬೇರೆ ಇಟ್ಟುಹೋದರು, ಅದೂ ಆರಿತು. ರಕ್ತ ಉಕ್ಕಿದ ಜಾಗ ಬಂದಾಗ ಅವರು ಮುಂದಕ್ಕೆ ಬಗ್ಗಿದರು. ಪರದೆಯಲ್ಲಿ ಅವರದೇ ಇಕ್ಕಳ ನುಗ್ಗಿ ಬಂತು. ಎಡಗೈ ನಡುಗಿತು, ಎಳೆಯಷ್ಟು ಸರಿಯಿತು, ವಾಪಸು ಬಂದು ನಿಂತಿತು.

"ಒಳ್ಳೆ ಎಡಗೈ," ಅಂದರು. "ಇದಕ್ಕೆ ನಾನು ಹೊಡೀಬಾರ್ದಿತ್ತು."

ಪರದೆಯಲ್ಲಿ ಗುರುಗಳ ಇಕ್ಕಳ ಲಿವರಿನ ಅಂಚಿಗೆ ಹೋಯಿತು. ಎತ್ತಿ ಹಿಡಿಯಿತು. ಕ್ಲಿಪ್ ಬಂತು, ಸೂಜಿ ಬಂತು, ಎರಡು ಸಲ ದಾರ ಜಾರಿತು, ಮೂರನೇ ಸಲ ಗಂಟು ಬಿತ್ತು. ಅಷ್ಟು ಹೊತ್ತೂ ಮೂಲೆಯ ಆ ಇಕ್ಕಳ ಹಿಡಿದಲ್ಲೇ ಹಿಡಿದಿತ್ತು.

ಗುರುಗಳು ಬೆರಳಿನಿಂದ ಅದನ್ನೇ ತೋರಿಸಿದರು. "ಯಾರಿದು, ಈ ಅಸಿಸ್ಟೆಂಟು? ಎಂಟು ನಿಮಿಷ ಕದಲ್ಲಿಲ್ಲ."

ಕಾವಾನಾಮಿ ಡಾಕ್ಟರು ಚಾಪೆಗೆ ಹಣೆ ಹಚ್ಚಿ ಮಗುವಿನ ಹಾಗೆ ಅತ್ತರು. ಗುರುಗಳು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಅದನ್ನ ಸ್ವಲ್ಪ ಹಿಂದಕ್ಕೆ ತಿರುಗಿಸು," ಅಂದರು. "ಇನ್ನೊಂದ್ಸಲ ನೋಡ್ತೀನಿ."